‘ಕನಸಲ್ಲಿ ಬೇಕಾದ್ದೆಲ್ಲ ಮಾಡಬಹುದಾ ಅಕ್ಕ?’

"ಅಕ್ಕ, ನೀವು ಕನಸನ್ನು ಬೇಕಾದ ಹಾಗೆ ತಿರುಗಿಸ್ತೀರಂತೆ, ಹೌದಾ?"

ಉಡುಪಿಯ ನಮ್ಮ ಪ್ರೆಸ್ಸಿಗೆ ಹೊಸಬರು ಯಾರೇ ಬರಲಿ, ಒಂದು ವಾರದೊಳಗೆ ಈ ಪ್ರಶ್ನೆ ನನ್ನ ಮೇಜಿಗೆ ಬರುತ್ತದೆ. ತಂಗಿಯ ಮಗಳು ಫೋನಿನಲ್ಲಿ ಕೇಳುತ್ತಾಳೆ. ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಹಳೇ ಗೆಳತಿಯೂ ಅದನ್ನೇ ಕೇಳಿದಳು. ಬಸ್ಸು ಹೊರಡುವುದರೊಳಗೆ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಹಾಗಾಗಿ ಒಮ್ಮೆ ಕೂತು ಬರೆಯುತ್ತಿದ್ದೇನೆ.

ಕನಸಿನೊಳಗೆ ಇರುವಾಗಲೇ "ಇದು ಕನಸು" ಅಂತ ಗೊತ್ತಾಗುವುದು ನಿಜ. ಇಂಗ್ಲಿಷಿನಲ್ಲಿ ಲೂಸಿಡ್ ಡ್ರೀಮ್ ಅನ್ನುತ್ತಾರೆ, ನಾನು ಅರಿವಿನ ಕನಸು ಅನ್ನುತ್ತೇನೆ. ನನಗೆ ತಿಂಗಳಿಗೆ ಎರಡು ಮೂರು ಸಲ ಆಗುತ್ತದೆ. ಆದರೆ ಗೊತ್ತಾದ ಕೂಡಲೇ ಕನಸು ನಮ್ಮ ಮಾತು ಕೇಳುತ್ತದೆ ಅನ್ನುವುದು ಸರಿಯಲ್ಲ. ನನ್ನ ಕೈಕಾಲು, ನನ್ನ ನೋಟ, ನನ್ನ ಹೆದರಿಕೆ, ಇಷ್ಟನ್ನು ನಾನು ತಿರುಗಿಸಬಲ್ಲೆ. ಕಡಲನ್ನು ತಿರುಗಿಸಲಾರೆ. ಕಡಲು ಅಂದದ್ದು ಸುಮ್ನೆ ಅಲ್ಲ.

ನನ್ನ ಅಮ್ಮನ ಮನೆ ಮರವಂತೆಯಲ್ಲಿ. ಆ ಕಡೆ ಹೋದವರಿಗೆ ಗೊತ್ತು, ರಸ್ತೆಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ಹೊಳೆ. ನಡುವೆ ಹೆದ್ದಾರಿ 66. ನೋಡಲು ಬಂದವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅಲ್ಲೇ ಬೆಳೆದವರಿಗೆ ಮಳೆಗಾಲದ ರಾತ್ರಿಗಳು ಬೇರೆ. ಕಡಲ್ಕೊರೆತದ ವರ್ಷಗಳಲ್ಲಿ ಅಲೆ ಕಲ್ಲಿಗೆ ಬಡಿಯುವ ಸದ್ದು ಹಾಸಿಗೆಯವರೆಗೆ ಬರುತ್ತಿತ್ತು. ಏಳೆಂಟು ವರ್ಷದವಳಿದ್ದಾಗಿನಿಂದ ನನಗೆ ಒಂದೇ ಕನಸು. ಕಡಲು ರಸ್ತೆ ದಾಟಿ ಬರುತ್ತದೆ, ಆ ಕಡೆಯಿಂದ ಹೊಳೆ ಏರುತ್ತದೆ, ಎರಡೂ ನೀರು ನಮ್ಮ ಅಂಗಳದಲ್ಲಿ ಸೇರುತ್ತವೆ. ನಾನು ಓಡುತ್ತೇನೆ. ಕಾಲು ಏಳುವುದಿಲ್ಲ. ಕೂಗಿಕೊಂಡು ಎದ್ದರೆ ಅಮ್ಮ ಕತ್ತಲಲ್ಲೇ ಕೇಳುತ್ತಿದ್ದರು, "ಎಂತ ಹೆಣೆ, ಮತ್ತೆ ಅದೇ ಕನ್ಸಾ?"

ಮದುವೆಯಾಗಿ ಉಡುಪಿಗೆ ಬಂದರೂ ಆ ಕನಸು ಬಿಡಲಿಲ್ಲ. ನಲವತ್ತು ದಾಟಿದ ಮೇಲೂ ಜೂನ್ ಬಂತು ಅಂದರೆ ಅದು ಬರುತ್ತಿತ್ತು.

ಅದರೊಳಗೆ ನನಗೆ ಮೊದಲ ಸಲ ಅರಿವು ಬಂದದ್ದು ಒಂದು ಬಸ್ಸಿನ ಬೋರ್ಡಿನಿಂದ. ನನ್ನ ಕೆಲಸ ಪ್ರೂಫ್ ನೋಡುವುದು. ಲಗ್ನಪತ್ರಿಕೆ, ಯಕ್ಷಗಾನ ಮೇಳದ ಕರಪತ್ರ, ಬ್ರಹ್ಮಕಲಶದ ಆಮಂತ್ರಣ, ಎಲ್ಲ ಸಾಲನ್ನೂ ಎರಡು ಸಲ ಓದುವುದು ಇಪ್ಪತ್ತು ವರ್ಷದ ಅಭ್ಯಾಸ. ಆ ರಾತ್ರಿ ಕನಸಿನಲ್ಲಿ ರಸ್ತೆ ಬದಿಯಲ್ಲಿ ನಿಂತಿದ್ದೆ. ಬಸ್ಸು ಬಂತು, ಬೋರ್ಡಿನಲ್ಲಿ ‘ಕುಂದಾಪುರ’ ಅಂತ ಇತ್ತು. ಕಣ್ಣು ತಾನಾಗಿ ಎರಡನೇ ಸಲ ಓದಿತು. ‘ಕುಂದಾಪ್ರರ’. ಒತ್ತಕ್ಷರ ಎಲ್ಲಿಂದ ಬಂತು ಅಂತ ಮತ್ತೆ ನೋಡಿದೆ. ‘ಪಂದಾಕುರ’. ಅಚ್ಚಾದ ಅಕ್ಷರ ಹೀಗೆ ಜಾಗ ಬದಲಿಸುವುದನ್ನು ನಾನು ಒಂದು ದಿನವೂ ಕಂಡವಳಲ್ಲ. "ಇದು ಕನಸು" ಅಂತ ಹೊಳೆದದ್ದೇ ತಡ, ಎದೆ ಡವಡವ ಹೊಡೆದುಕೊಂಡು ಎಚ್ಚರವಾಗಿಬಿಟ್ಟಿತು. ಅರ್ಧ ನಿಮಿಷವೂ ಇರಲಿಲ್ಲ ಅದು. ಬೆಳಗಿನವರೆಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ತಲೆಗೆ ಏನಾದರೂ ಆಗಿದೆಯಾ ಅನ್ನುವ ಅಳುಕೂ ಇತ್ತು. ಓದುತ್ತಾ ಹೋದಾಗ ಸಮಾಧಾನವಾಯಿತು. ನಾವು ಮಲಗಿದ ಮೇಲೆ ಸುಮಾರು 90 ನಿಮಿಷಕ್ಕೊಂದು ಸುತ್ತು ನಡೆಯುತ್ತದೆ. ಸುತ್ತಿನ ಕೊನೆಯಲ್ಲಿ ರೆಮ್ ನಿದ್ದೆ ಅಂತ ಒಂದು ಹಂತ, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಬೇಗ ಬೇಗ ಓಡಾಡುವ ಹೊತ್ತು ಅದು. ಇದನ್ನು 1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಜಗತ್ತಿಗೆ ತಿಳಿಸಿದರು. ಗಾಢವಾದ ಕನಸು ಬೀಳುವುದು ಜಾಸ್ತಿ ಆಗಲೇ. ಬೆಳಗು ಹತ್ತಿರವಾದಷ್ಟು ಈ ಹಂತ ಉದ್ದವಾಗುತ್ತದೆ. ಆಗ ಕೈಕಾಲಿನ ಸ್ನಾಯುಗಳು ಸಡಿಲ ಬಿದ್ದಿರುತ್ತವೆ, ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ನಿಜವಾಗಿಯೂ ಎದ್ದು ಓಡುತ್ತಿದ್ದರು. ಕಣ್ಣಿಗೆ ಮಾತ್ರ ಆ ಕಟ್ಟು ಇಲ್ಲ.

ಈ ಕಣ್ಣೇ ಸಾಕ್ಷಿ ಹೇಳಿತು. 1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಅನ್ನುವವರು ಅಲನ್ ವರ್ಸ್‌ಲಿಯವರನ್ನು ಯಂತ್ರಕ್ಕೆ ಜೋಡಿಸಿ ಮಲಗಿಸಿದ್ದರು. ಕನಸಿನಲ್ಲಿ ಅರಿವು ಬಂದರೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಬೇಕು ಅಂತ ಮೊದಲೇ ಮಾತಾಗಿತ್ತು. ವರ್ಸ್‌ಲಿ ನಿದ್ದೆಯೊಳಗಿಂದಲೇ ಹೊರಳಿಸಿದರು, ಯಂತ್ರ ಅದನ್ನು ಗೆರೆ ಎಳೆದು ತೋರಿಸಿತು. ಕೆಲವು ವರ್ಷಗಳ ನಂತರ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜ್ ಅದನ್ನೇ ಸ್ವತಂತ್ರವಾಗಿ ಮಾಡಿ ತೋರಿಸಿದರು. 2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವಂತೂ ನನಗೆ ತುಂಬಾ ಇಷ್ಟ. ಕನಸು ಕಾಣುತ್ತಿರುವವರಿಗೆ ಹೊರಗಿನಿಂದ "ಎಂಟರಲ್ಲಿ ಆರು ಕಳೆದರೆ ಎಷ್ಟು" ಅಂತ ಕೇಳಿದರು. ಒಬ್ಬರು ಕಣ್ಣನ್ನು ಎರಡು ಸಲ ಹೊರಳಿಸಿ ಉತ್ತರ ಕೊಟ್ಟರು. ನಾಲ್ಕು ದೇಶಗಳಲ್ಲಿ 36 ಜನರ ಮೇಲೆ ನಡೆದ ಕೆಲಸ ಅದು. ಸರಿಯುತ್ತರ ಬಂದದ್ದು ನೂರಕ್ಕೆ 18ರಷ್ಟು ಸಲ ಮಾತ್ರ. ಆ ಅಂಕಿ ನೋಡಿ ಯಾರಿಗಾದರೂ ನಿರಾಸೆ ಆಗಬಹುದು. ನನಗೆ ಅದೇ ನಂಬಿಕೆ ಹುಟ್ಟಿಸಿತು. ಕನಸಿನೊಳಗೆ ಒಂದು ಸಣ್ಣ ಕೆಲಸವನ್ನು ನೆನಪಿಟ್ಟು ಮಾಡಿ ಮುಗಿಸುವುದು ಎಷ್ಟು ಕಷ್ಟ ಅಂತ ಅಷ್ಟರಲ್ಲಿ ನನಗೇ ಗೊತ್ತಾಗಿತ್ತು.

ಹೇಗೆ ಕಲಿಯುವುದು ಅಂತ ಕೇಳುವವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ದಿಂಬಿನ ಹತ್ತಿರ ಒಂದು ಪುಸ್ತಕ, ಪೆನ್ಸಿಲ್. ಎದ್ದ ಕೂಡಲೇ ಮಗ್ಗುಲು ಬದಲಿಸದೆ ಕನಸನ್ನು ನೆನಪು ಮಾಡಿಕೊಂಡು ಬರೆಯುವುದು. ಮೊದಲ ವಾರ ನನಗೆ ಸಿಕ್ಕಿದ್ದು ‘ಹಸಿರು ಕೊಡೆ’ ಅನ್ನುವ ಎರಡೇ ಪದ, ತಿಂಗಳಾಗುವಾಗ ದಿನಕ್ಕೊಂದು ಪುಟ. ಹಗಲು ಆಗಾಗ ನಿಂತು "ಇದು ಕನಸಾ?" ಅಂತ ನಿಜವಾಗಿ ಅನುಮಾನಪಟ್ಟು ಕೇಳಬೇಕು. ಚಿವುಟಿ ನೋಡಿದರೆ ಸಾಲದು, ಕನಸಿನಲ್ಲೂ ನನಗೆ ನೋವಾಗಿದೆ. ಸ್ವಿಚ್ ಹಾಕಿ ನೋಡಿ, ಕನಸಿನಲ್ಲಿ ದೀಪ ಸರಿಯಾಗಿ ಉರಿಯುವುದಿಲ್ಲ ಅಂತ ಹೇಳುವವರಿದ್ದಾರೆ. ನಮ್ಮ ಜುಲೈ ತಿಂಗಳಿಗೆ ಆ ಪರೀಕ್ಷೆ ಹೊಂದುವುದಿಲ್ಲ, ಕರೆಂಟೇ ಇರುವುದಿಲ್ಲ. ಮೂಗು ಬಿಗಿಯಾಗಿ ಹಿಡಿದು ಉಸಿರೆಳೆಯುವುದು ಒಳ್ಳೆಯದು. ಕನಸಾದರೆ ಉಸಿರು ಸಲೀಸಾಗಿ ಬರುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಒದಗುವುದು ಮಾತ್ರ ಅಕ್ಷರವೇ. ಒಮ್ಮೆ ಓದಿ, ಕಣ್ಣು ಸರಿಸಿ, ಮತ್ತೆ ಓದುವುದು.

ಐದು ಗಂಟೆ ಮಲಗಿ, ಎದ್ದು, ಅರ್ಧ ಗಂಟೆ ಕೂತು, "ಮುಂದಿನ ಕನಸಿನಲ್ಲಿ ಇದು ಕನಸು ಅಂತ ಗುರುತಿಸುತ್ತೇನೆ" ಅಂತ ಮನಸ್ಸಿನಲ್ಲಿ ಹೇಳಿಕೊಂಡು ಮತ್ತೆ ಮಲಗುವ ಕ್ರಮವೂ ಇದೆ. ಇದು ಬಲವಾದ ದಾರಿ. ಬೆಲೆಯೂ ಇದೆ. ಒಂದು ಬೇಸಿಗೆಯಲ್ಲಿ ಮೂರು ವಾರ ದಿನಾ ಹೀಗೆ ಮಾಡಿದೆ. ಮೂರನೇ ವಾರ ಒಂದು ಲಗ್ನಪತ್ರಿಕೆಯಲ್ಲಿ ಮುಹೂರ್ತದ ಹೊತ್ತು 11.40 ಇರಬೇಕಾದಲ್ಲಿ 11.04 ಅಂತ ಬಿಟ್ಟುಬಿಟ್ಟೆ. ಐನೂರು ಪ್ರತಿ ಅಚ್ಚಾದ ಮೇಲೆ ಹುಡುಗಿಯ ಅಪ್ಪ ಬಂದು ತೋರಿಸಿದರು. ಬೈಯಲಿಲ್ಲ ಅವರು. ಆ ಸಂಕಟ ಇನ್ನೂ ಹೋಗಿಲ್ಲ ನನಗೆ. ಈಗ ಮರುದಿನ ರಜೆ ಇದ್ದರೆ ಮಾತ್ರ ಹಾಗೆ ಏಳುತ್ತೇನೆ. ನಿದ್ದೆ ಸರಿ ಬಾರದವರು, ಮನಸ್ಸಿಗೆ ಮದ್ದು ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಎದ್ದಾಗ ಮೈ ಅಲ್ಲಾಡದೆ, ಎದೆಯ ಮೇಲೆ ಯಾರೋ ಕೂತ ಹಾಗೆ ಆಗಲೂಬಹುದು. ಸ್ನಾಯುವಿನ ಆ ಕಟ್ಟು ಬಿಡಲು ತಡವಾದದ್ದು ಅಷ್ಟೇ. ತಾನಾಗಿ ಬಿಡುತ್ತದೆ.

ಹಾರಿದ್ದೇನಾ? ಹೌದು. ಕೊಳದಲ್ಲಿ ಕೈ ಬಡಿದ ಹಾಗೆ ಬಡಿಯಬೇಕು, ಕರೆಂಟಿನ ತಂತಿ ಬಂದರೆ ಅಲ್ಲೇ ಸಿಕ್ಕಿಬೀಳುತ್ತೇನೆ.

ತೀರಿಹೋದವರನ್ನು ಕರೆಯಬಹುದಾ ಅಂತ ಕೇಳುವವರೂ ಇದ್ದಾರೆ. ಇದನ್ನು ಜನ ಮೆಲ್ಲ, ಬೇರೆ ಯಾರೂ ಇಲ್ಲದಾಗ ಕೇಳುತ್ತಾರೆ. ಒಂದು ಸಲ ಅಪ್ಪನನ್ನು ಕರೆದೆ. ಅಪ್ಪನ ಅಂಗಿ ಹಾಕಿಕೊಂಡು ಒಬ್ಬರು ಬಾಗಿಲಿಗೆ ಬಂದರು. ಸ್ವರ ಅಪ್ಪನದ್ದಲ್ಲ. ಮತ್ತೆ ಕರೆದಿಲ್ಲ. ಕರೆಯದೆ ಇದ್ದಾಗ ಅಪ್ಪ ತಾವಾಗಿ ಎರಡು ಸಲ ಬಂದಿದ್ದಾರೆ, ಬಲೆಯ ದಾರ ಬಿಡಿಸುತ್ತಾ ಕೂತಿದ್ದರು, ನಾನು ಮಾತಾಡಿಸದೆ ಪಕ್ಕದಲ್ಲಿ ಕೂತೆ.

ಈಗ ಆ ಕಡಲಿನ ವಿಷಯ. ಅರಿವು ಬರತೊಡಗಿದ ಎರಡನೇ ಮಳೆಗಾಲದಲ್ಲಿ ಆ ಕನಸು ಮತ್ತೆ ಬಂತು. ಗೋಡೆಯ ಮೇಲೆ ನೇತುಹಾಕಿದ ಕ್ಯಾಲೆಂಡರಿನ ತಾರೀಖು ನಿಲ್ಲುತ್ತಿರಲಿಲ್ಲ, ಅದರಿಂದ ಗೊತ್ತಾಯಿತು. ಎಚ್ಚರವಾಗದಿರಲಿ ಅಂತ ಅಂಗೈ ಅಂಗೈಗೆ ಉಜ್ಜಿಕೊಂಡೆ. ಕನಸು ಜಾರುವಾಗ ಹೀಗೆ ಮಾಡಿದರೆ ಅದು ಉಳಿದುಕೊಳ್ಳುತ್ತದೆ. ಅಂಗಳದ ಮುರಕಲ್ಲಿನ ಗೋಡೆ ಮುಟ್ಟಿದೆ. ಕಲ್ಲಿನ ತೂತುಗಳು ಬೆರಳ ತುದಿಗೆ ಒಂದೊಂದಾಗಿ ಸಿಕ್ಕವು, ಮೇಲೆ ಪಾಚಿಯ ತಂಪು. ಎಚ್ಚರದಲ್ಲೂ ನಾನು ಒಂದು ಕಲ್ಲನ್ನು ಅಷ್ಟು ಗಮನವಿಟ್ಟು ಮುಟ್ಟಿರಲಿಲ್ಲ. ಆಮೇಲೆ ಕಡಲಿಗೆ ತಿರುಗಿ "ನಿಲ್ಲು" ಅಂತ ಕೂಗಿದೆ. ನಿಲ್ಲಲಿಲ್ಲ. "ಹಿಂದೆ ಹೋಗು" ಅಂದೆ. ಅಲೆ ಇನ್ನೂ ಎತ್ತರಕ್ಕೆ ಎದ್ದಿತು. ಕೂಗಿದಷ್ಟು ನನ್ನ ಹೆದರಿಕೆ ಜಾಸ್ತಿಯಾಯಿತು, ಹೆದರಿಕೆ ಜಾಸ್ತಿಯಾದಷ್ಟು ನೀರು ಏರಿತು. ಎದ್ದು ಕೂತಾಗ ಸೋತ ಹಾಗೆ ಅನಿಸಿತು.

ಆ ವರ್ಷವೇ ರಥಬೀದಿಯಲ್ಲಿ ಒಂದು ಪ್ರವಚನ ಕೇಳುವ ಯೋಗ ಬಂತು. ಕನಸು ಸುಳ್ಳಲ್ಲ ಅನ್ನುತ್ತದೆ ಮಧ್ವಾಚಾರ್ಯರ ಮತ. ಮನಸ್ಸಿನಲ್ಲಿ ಉಳಿದಿರುವ ವಾಸನೆಗಳಿಂದ, ಅಂದರೆ ಹಿಂದೆ ಕಂಡು ಕೇಳಿದ್ದರ ಅಚ್ಚಿನಿಂದ, ದೇವರು ಅದನ್ನು ಕಟ್ಟಿ ತೋರಿಸುತ್ತಾನೆ. ಕನಸಿನ ಆನೆ ಅದರ ಮಟ್ಟಿಗೆ ನಿಜವೇ, ಅದನ್ನು ಹೊರಗಿನ ಆನೆ ಅಂದುಕೊಳ್ಳುವುದಷ್ಟೇ ತಪ್ಪು. ಕನಸನ್ನು ನಾವೇ ಕಟ್ಟುವುದಾದರೆ ಕೆಟ್ಟ ಕನಸನ್ನು ಯಾರು ಕಟ್ಟಿಕೊಳ್ಳುತ್ತಿದ್ದರು ಅಂತ ಪ್ರವಚನ ಹೇಳುತ್ತಿದ್ದವರು ಕೇಳಿದರು. ಕಂಬಕ್ಕೆ ಒರಗಿ ಕೂತಿದ್ದವಳು ನೆಟ್ಟಗೆ ಕೂತೆ. ನಾನು ಕಟ್ಟದ ಕಡಲಿಗೆ ನಾನು ಅಪ್ಪಣೆ ಕೊಡುತ್ತಿದ್ದೆ. ಪಾಜಕದಲ್ಲಿ ಹುಟ್ಟಿದ ಆಚಾರ್ಯರ ಮಾತು ಉಡುಪಿಯಲ್ಲೇ ಇರುವ ನನಗೆ ತಲುಪಲು ಇಷ್ಟು ವರ್ಷ ಬೇಕಾಯಿತು.

ಮುಂದಿನ ಸಲ ಕನಸಿನಲ್ಲಿ ಗೊತ್ತಾದಾಗ ನಾನು ಏನೂ ಹೇಳಲಿಲ್ಲ. ಓಡಲಿಲ್ಲ ಕೂಡ. ಜಗಲಿಯ ಮೆಟ್ಟಿಲಿನಲ್ಲಿ ಕೂತೆ. ಕುಳಿತುಕೊಳ್ಳುವುದು ನನ್ನ ಕೈಯಲ್ಲಿತ್ತು. ನೀರು ಬಂತು. ತುಳಸಿಕಟ್ಟೆ ದಾಟಿತು, ಒಣಗಿಸಿದ ತೆಂಗಿನ ಗರಿಗಳನ್ನು ತೇಲಿಸಿತು, ನನ್ನ ಕಾಲಬೆರಳಿಗೆ ಬಂತು. ಬೆಚ್ಚಗಿತ್ತು. ಬಚ್ಚಲಿನ ಹಂಡೆಯ ನೀರನ್ನು ಯಾರೋ ಹದ ಮಾಡಿ ಸುರಿದ ಹಾಗೆ. ಮೊಣಕಾಲವರೆಗೆ ಏರಿ, ಮನೆಯ ಎರಡೂ ಬದಿಯಿಂದ ಹರಿದು ಹೊಳೆಯ ಕಡೆ ಹೋಯಿತು. ನಾನು ಅದು ಹೋಗುವುದನ್ನು ನೋಡುತ್ತಾ ಇದ್ದೆ. ಕೂಗದೆ ಎದ್ದೆ.

ಕಳೆದ ಮಳೆಗಾಲದಲ್ಲೂ ಆ ಕನಸು ಎರಡು ಸಲ ಬಿತ್ತು. ಒಂದರಲ್ಲಿ ಅರಿವು ಬರಲೇ ಇಲ್ಲ, ಆದರೂ ಹೋಗಿ ಮೆಟ್ಟಿಲಲ್ಲಿ ಕೂತಿದ್ದೆ.

ಅಮ್ಮನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಕಡಲಿನ ನೀರು ಬೆಚ್ಚಗಿತ್ತು ಅಂದಾಗ ಅವರಿಗೆ ಏನೂ ವಿಶೇಷ ಅನಿಸಲಿಲ್ಲ.

"ಮಳಿಗಾಲ್ದಗೆ ಕಡ್ಲ್ ನೀರ್ ಬೆಚ್ಚಗೇ ಇಪ್ಪುದ್ ಹೆಣೆ. ಸಣ್ಣಕ್ಕಿಪ್ಪತಿಗೆ ಅಪ್ಪ ನಿನ್ನ ಕಾಲ್ ನೀರಿಗೆ ಇಳ್ಸಿ ನಿಲ್ಸ್ತಿದ್ರ್. ನಿಂಗೆ ನೆನ್ಪಿಲ್ಯಾ?"