ಹೊರದೇಶದಿಂದ ಬೆಂಗಳೂರಿನ ಮನೆ ಮಾರುವಾಗ

ಅಮೆರಿಕದಲ್ಲಿ ಮನೆ ಮಾರುವವರು ಮೊದಲು ಏಜೆಂಟರೊಡನೆ ಲಿಖಿತ ಕರಾರು ಮಾಡಿಕೊಳ್ಳುತ್ತಾರೆ; ಅವಧಿ, ಕಮಿಷನ್ ಎಲ್ಲವೂ ಅದರಲ್ಲೇ ಇರುತ್ತದೆ, ಕೊಳ್ಳುವವರಿಗೆ ಸಾಮಾನ್ಯವಾಗಿ ಬೇರೆಯೇ ಏಜೆಂಟರಿರುತ್ತಾರೆ. ನ್ಯೂಜೆರ್ಸಿಯಲ್ಲಿದ್ದುಕೊಂಡು ವಿಜಯನಗರದ ಮನೆಯನ್ನು ಮಾರಲು ಹೊರಟ ನನಗೆ ಸಿಕ್ಕ ಬ್ರೋಕರ್ ಎರಡೂ ಕಡೆಗೆ ಸೇರಿದವರು. ಬೆಂಗಳೂರಿನಲ್ಲಿ ಇದು ವಾಡಿಕೆಯೇ. ಇಬ್ಬರಿಂದಲೂ ಶೇಕಡಾ ಒಂದೋ ಎರಡೋ ಪಡೆಯುವವರಿಗೆ, ಬೆಲೆ ಐದು ಲಕ್ಷ ಏರುವುದಕ್ಕಿಂತ ವ್ಯಾಪಾರ ಬೇಗ ಕುದುರುವುದೇ ಲಾಭ. ಅವರ ಸಲಹೆಗಳನ್ನು ಈ ಲೆಕ್ಕದಲ್ಲೇ ಕೇಳಿಸಿಕೊಳ್ಳಬೇಕು.

ಗಿರಾಕಿಗಳನ್ನು ಕರೆತರುವುದರಲ್ಲಿ ಅವರು ನಿಸ್ಸೀಮರು. ತೊಡಕಾದದ್ದು ತೆರಿಗೆಯ ವಿಷಯದಲ್ಲಿ. "ಟಿಡಿಎಸ್ ಒಂದು ಪರ್ಸೆಂಟ್ ಅಷ್ಟೇ ಮೇಡಂ, ಆಡಿಟರ್ ನೋಡ್ಕೋತಾರೆ" ಎಂದು ಅವರು ಕೊಳ್ಳುವವರ ಎದುರೇ ಹೇಳಿಬಿಟ್ಟರು. ಟಿಡಿಎಸ್ ಎಂದರೆ ಕೊಳ್ಳುವವರು ನಮಗೆ ಕೊಡುವ ಹಣದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಆ ಒಂದು ಪರ್ಸೆಂಟ್, ಮಾರುವವರು ಭಾರತದ ನಿವಾಸಿಯಾಗಿದ್ದರೆ ಮಾತ್ರ. ಅನಿವಾಸಿಯಾಗಿದ್ದು, ಮನೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕೈಯಲ್ಲಿದ್ದರೆ, 2024ರ ಜುಲೈ ನಂತರದ ಮಾರಾಟಕ್ಕೆ ಲಾಭದ ಮೇಲೆ 12.5 ಪರ್ಸೆಂಟ್, ಅದರ ಮೇಲೆ ಸರ್‌ಚಾರ್ಜ್ ಮತ್ತು ಸೆಸ್. ನಮಗೆ ಬಂದ ಲಾಭ ಎಷ್ಟೆಂದು ಕೊಳ್ಳುವವರು ತಾವೇ ತೀರ್ಮಾನಿಸಲಾರದ್ದರಿಂದ ಸಾಮಾನ್ಯವಾಗಿ ಪೂರ್ತಿ ಬೆಲೆಯ ಮೇಲೆಯೇ ಹಿಡಿಯುತ್ತಾರೆ. ಒಂದೂವರೆ ಕೋಟಿಯ ಮನೆಗೆ ಅದು 22 ಲಕ್ಷ ದಾಟುತ್ತದೆ. ರಿಟರ್ನ್ ಸಲ್ಲಿಸಿ ವಾಪಸು ಪಡೆಯುವವರೆಗೆ ಅಷ್ಟೂ ಹಣ ಸರ್ಕಾರದ ಬಳಿ! ಇದನ್ನು ತಪ್ಪಿಸಲು, ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಪಡೆಯಬಹುದು. ಅದಕ್ಕೆ ವಾರಗಟ್ಟಲೆ ಕಾಯಬೇಕಾಗುವುದರಿಂದ, ಪ್ರಮಾಣಪತ್ರ ಕೈಸೇರಿದ ಮೇಲೆಯೇ ಕ್ರಯಪತ್ರ ಎಂಬ ಷರತ್ತನ್ನು ಕೊಳ್ಳುವವರೊಡನೆ ಮಾಡಿಕೊಂಡ ಕರಾರಿನಲ್ಲಿ ಬರೆಸಿದೆ. ಬ್ರೋಕರ್ ಗೊಣಗಿದರು, ಕೊಳ್ಳುವವರು ಒಪ್ಪಿದರು.

"ಜಿಪಿಎ ನನ್ನ ಹೆಸರಿಗೇ ಕೊಟ್ಬಿಡಿ, ನಿಮಗೆ ಓಡಾಟ ತಪ್ಪುತ್ತೆ" ಎಂಬ ಮಾತೂ ಬ್ರೋಕರರಿಂದ ಬಂತು. ಜಿಪಿಎ ಎಂದರೆ ನಮ್ಮ ಪರವಾಗಿ ಸಹಿ ಹಾಕಲು ಕೊಡುವ ಸಾಮಾನ್ಯ ಅಧಿಕಾರಪತ್ರ. ದುರುದ್ದೇಶವೇನೂ ಇರಲಿಲ್ಲವೆಂದೇ ನನ್ನ ನಂಬಿಕೆ. ಆದರೂ ಕಮಿಷನ್ ಪಡೆಯುವವರ ಕೈಗೆ ಸಹಿಯ ಅಧಿಕಾರ ಕೊಡುವುದು ಸಲ್ಲದು. ಈ ಒಂದು ಮನೆಯ ಮಾರಾಟಕ್ಕಷ್ಟೇ ಸೀಮಿತವಾದ ಅಧಿಕಾರಪತ್ರವನ್ನು ಚಿಕ್ಕಪ್ಪನ ಹೆಸರಿಗೆ ಬರೆದು, ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದೆ. ಇಂಥ ಪತ್ರ ಭಾರತ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಇಲ್ಲದೆ ಈಗ ಬೆಂಗಳೂರಿನಲ್ಲಿ ನೋಂದಣಿಯಾಗದು. ಅದನ್ನು ಗಿರಾಕಿ ಹುಡುಕುವ ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಕಮಿಷನ್ನಿನ ಅರ್ಧ ಕರಾರಿನ ದಿನ, ಉಳಿದರ್ಧ ನೋಂದಣಿ ಮುಗಿದು ನನ್ನ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದಲ್ಲಿನ ಆದಾಯಕ್ಕಾಗಿ ಇಟ್ಟುಕೊಳ್ಳುವ ಬ್ಯಾಂಕ್ ಖಾತೆ) ಹಣ ಜಮೆಯಾದ ಮೇಲೆ ಎಂದು ವಾಟ್ಸಾಪಿನಲ್ಲಿ ಬರೆದು ಒಪ್ಪಿಸಿಕೊಂಡೆ. ಉಳಿದರ್ಧ ಬಾಕಿಯಿದ್ದದ್ದಕ್ಕೋ ಏನೋ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಮಯ ಗೊತ್ತುಮಾಡುವುದರಿಂದ ಹಿಡಿದು ಚಿಕ್ಕಪ್ಪನನ್ನು ಮನೆಗೆ ಬಿಡುವವರೆಗೆ ಎಲ್ಲವನ್ನೂ ಅವರೇ ಮುತುವರ್ಜಿಯಿಂದ ನೋಡಿಕೊಂಡರು.