ಸಂಬಳ ಕಡಿಮೆ ಬಿತ್ತು: ಕೈತಪ್ಪೋ, ಕಳವೋ?

ಆಸ್ಟ್ರೇಲಿಯಾದಲ್ಲಿ ಪೇರೋಲ್, ಅಂದರೆ ನೌಕರರ ಸಂಬಳದ ಲೆಕ್ಕ, ನೋಡಿಕೊಳ್ಳುವವರಿಗೆ 2025ರ ಜನವರಿ 1 ಮುಖ್ಯ ತಾರೀಕು. ಅಂದಿನಿಂದ ಬೇಕೆಂದೇ ಸಂಬಳ ಕಡಿಮೆ ಕೊಡುವುದು ಅಲ್ಲಿನ ಕಾರ್ಮಿಕ ಕಾನೂನಾದ ಫೇರ್ ವರ್ಕ್ ಕಾಯ್ದೆಯಡಿ ಕ್ರಿಮಿನಲ್ ಅಪರಾಧ. ವ್ಯಕ್ತಿಗಾದರೆ 10 ವರ್ಷದವರೆಗೆ ಜೈಲು, 16.5 ಲಕ್ಷ ಡಾಲರ್‌ವರೆಗೆ ದಂಡ, ಇಲ್ಲವೇ ಎರಡೂ. ಕಂಪನಿಗೆ 82.5 ಲಕ್ಷ ಡಾಲರ್‌ವರೆಗೆ ದಂಡ. ಬಾಕಿ ಮೊತ್ತವನ್ನು ಕೋರ್ಟ್ ಲೆಕ್ಕ ಹಾಕಲು ಸಾಧ್ಯವಾದರೆ, ಅದರ ಮೂರು ಪಟ್ಟು ಅಥವಾ ಮೇಲೆ ಹೇಳಿದ ದಂಡ, ಯಾವುದು ಹೆಚ್ಚೋ ಅದೇ ಮಿತಿ. ಕಂಪನಿಯ ಮಟ್ಟಿಗೆ ಮೂರು ಪಟ್ಟಿನ ಮಾತು ಬರುವುದು ಬಾಕಿ 27.5 ಲಕ್ಷ ದಾಟಿದ ಮೇಲೆಯೇ.

ಪ್ರಾಮಾಣಿಕವಾಗಿ ಲೆಕ್ಕ ತಪ್ಪಿದವರಿಗೆ ಈ ಸೆಕ್ಷನ್ ತಾಗುವುದಿಲ್ಲ. ಹಾಗಾದರೆ ಉದ್ದೇಶ ಇತ್ತೆಂದು ತಿಳಿಯುವುದು ಹೇಗೆ? ಹೆಚ್ಚಾಗಿ ಕಡತದಿಂದಲೇ. ಬೆಳಿಗ್ಗೆ 8:45ಕ್ಕೆ ಬಂದು ಬಾಗಿಲು ತೆರೆಯುವವರ ಹಾಜರಿಯನ್ನು ಸಾಫ್ಟ್‌ವೇರ್ 9 ಗಂಟೆಗೆ ಸರಿಸುತ್ತದೆ ಎನ್ನಿ. ದಿನಕ್ಕೆ 15 ನಿಮಿಷ, ವಾರಕ್ಕೆ ಒಂದೂಕಾಲು ಗಂಟೆ, 48 ವಾರಕ್ಕೆ 60 ಗಂಟೆ. 2025ರ ಜುಲೈ 1ಕ್ಕೆ ನಿಗದಿಯಾದ ಕನಿಷ್ಠ ದರ, ಗಂಟೆಗೆ 24.95 ಡಾಲರ್‌ನಂತೆ 1,497 ಡಾಲರ್ ಹೋಯಿತು. ಸೆಟ್ಟಿಂಗ್ ಹಾಗಿದೆಯೆಂದು ಯಾರಿಗೂ ಗೊತ್ತಿರದಿದ್ದರೆ ಅದು ತಪ್ಪು. ಸೂಪರ್‌ವೈಸರ್ ಇಮೇಲ್‌ನಲ್ಲಿ ಎಚ್ಚರಿಸಿದ ಮೇಲೂ "ಇರಲಿ ಬಿಡಿ" ಎಂದು ಉತ್ತರ ಹೋಗಿದ್ದರೆ, ಆ ಇಮೇಲೇ ಸಾಕ್ಷಿಯಾಗಬಹುದು. ಟೈಮ್‌ಶೀಟನ್ನು ಯಾರು, ಯಾವಾಗ ತಿದ್ದಿದರೆಂಬ ಲಾಗ್ ಕೂಡ ಹಾಗೆಯೇ. ತಪ್ಪು ಕಂಡ ದಿನ ದಾಖಲೆ ಅಳಿಸಲು ಹೋಗುವವರಿದ್ದಾರೆ. ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ.

ಮೊದಲು ಸೆಟ್ಟಿಂಗ್ ಸರಿಪಡಿಸಿ. ಆಮೇಲೆ ಆರು ವರ್ಷ ಹಿಂದಕ್ಕೆ ಲೆಕ್ಕ ತೆಗೆಯಿರಿ, ಕೆಲಸ ಬಿಟ್ಟುಹೋದವರನ್ನೂ ಸೇರಿಸಿ (ಇವರನ್ನೇ ಎಲ್ಲರೂ ಮರೆಯುವುದು). ಬೇಕೆಂದೇ ನಡೆದದ್ದಿದ್ದರೆ ಈ ಕಾಯ್ದೆಯ ಪಾಲನೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಫೇರ್ ವರ್ಕ್ ಒಂಬುಡ್ಸ್‌ಮನ್ ಬಳಿ ತಾವಾಗಿಯೇ ಹೇಳಿಕೊಂಡು ಸಹಕಾರ ಒಪ್ಪಂದ ಕೇಳಬಹುದು. ಅದು ಸಿಕ್ಕರೆ, ಜಾರಿಯಲ್ಲಿರುವವರೆಗೆ ಆ ವಿಷಯ ಕ್ರಿಮಿನಲ್ ವಿಚಾರಣೆಗೆ ಹೋಗುವುದಿಲ್ಲ. ಸಿವಿಲ್ ದಾವೆಗೆ ತಡೆಯಿಲ್ಲ. 15ಕ್ಕಿಂತ ಕಡಿಮೆ ನೌಕರರಿರುವ ಮಾಲೀಕರಿಗೆ ಪ್ರತ್ಯೇಕ ಸಂಹಿತೆಯೇ ಇದೆ. ಅದರಂತೆ ನಡೆದದ್ದು ಒಂಬುಡ್ಸ್‌ಮನ್‌ಗೆ ಮನವರಿಕೆಯಾದರೆ ಪ್ರಕರಣ ಕ್ರಿಮಿನಲ್ ದಾರಿ ಹಿಡಿಯದು.

ನೌಕರರು ತಮ್ಮ ಗಂಟೆಗಳನ್ನು ಅಂದಂದೇ ಬರೆದಿಡಲಿ. ಪೇಸ್ಲಿಪ್ ಸಂಬಳವಾದ ಒಂದು ಕೆಲಸದ ದಿನದೊಳಗೆ ಸಿಗಬೇಕು, ದಾಖಲೆ ಏಳು ವರ್ಷ ಇರಬೇಕು. ಮಾಲೀಕರ ಬಳಿ ಅವು ಇಲ್ಲದಿದ್ದರೆ, ಸರಿಯಾದ ಕಾರಣ ತೋರದ ಹೊರತು, ಕೋರ್ಟ್‌ನಲ್ಲಿ ನೌಕರರ ಲೆಕ್ಕ ತಪ್ಪೆಂದು ರುಜುವಾತು ಮಾಡುವ ಹೊಣೆ ಮಾಲೀಕರ ಮೇಲೇ ಬೀಳುತ್ತದೆ.