ಕುದುರೆ ಹತ್ತಲು ಬಾರದವರು ಬಂದು ಏನು ಮಾಡಬೇಕು?

"ಅಂಗವೈಕಲ್ಯ ಇರುವ ಮಕ್ಕಳಿಗೆ ಕುದುರೆ ಸವಾರಿ ಮಾಡಿಸ್ತಾರಲ್ಲ, ಅಲ್ಲಿ ಸಹಾಯ ಮಾಡೋಣ ಅಂತಿದ್ದೀನಿ. ಆದರೆ ನನಗೆ ಸವಾರಿ ಬರೋಲ್ಲ. ಬಂದು ಏನು ಪ್ರಯೋಜನ?" ಈ ಪ್ರಶ್ನೆ ತಪ್ಪುವುದೇ ಇಲ್ಲ. ಸವಾರಿ ಬರಬೇಕಿಲ್ಲ, ನಡೆಯಲು ಬಂದರೆ ಸಾಕು: ಮರಳಿನ ಮೇಲೆ, ಅರ್ಧ-ಮುಕ್ಕಾಲು ಗಂಟೆ, ಒಂದು ಕೈ ಮೇಲೆತ್ತಿಕೊಂಡು.

ಕುದುರೆ ನಿಧಾನವಾಗಿ ನಡೆಯುವಾಗ ಮೇಲೆ ಕೂತವರ ಸೊಂಟ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಆಡುತ್ತದೆ. ನಾವು ನಡೆಯುವಾಗಲೂ ಸೊಂಟ ಆಡುವುದು ಹೆಚ್ಚುಕಡಿಮೆ ಹೀಗೆಯೇ. ಸೆರೆಬ್ರಲ್ ಪಾಲ್ಸಿಯಿಂದ (ಮಿದುಳಿಗೆ ಆದ ಹಾನಿಯಿಂದ ಸ್ನಾಯುಗಳು ಬಿಗಿದು ಹತೋಟಿ ತಪ್ಪುವ ಸ್ಥಿತಿ) ನಡೆಯಲಾಗದ ಮಗುವಿನ ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ಅಲ್ಲಿ ಹೆಜ್ಜೆ ಹೆಜ್ಜೆಗೂ ಕೆಲಸ. ಓಡಿಸುವ ಅಗತ್ಯವೇ ಇಲ್ಲ.

ಪೂರ್ತಿ ಆಸರೆ ಬೇಕಾದ ಒಬ್ಬ ಸವಾರನಿಗೆ ಮೂವರು ಬೇಕು. ಹಗ್ಗ ಹಿಡಿದು ಕುದುರೆ ನಡೆಸುವವರು ಒಬ್ಬರು, ಎಡಬಲಕ್ಕೆ ಇಬ್ಬರು. ಅಂಥ ನಾಲ್ಕು ಮಕ್ಕಳ ತರಗತಿಗೆ ಹನ್ನೆರಡು ಜನ. ಇಬ್ಬರು ಕೈಕೊಟ್ಟರೆ ಒಂದು ಮಗು ಬೇಲಿಯ ಆಚೆ ಕೂತು ನೋಡಬೇಕು. ಇಲ್ಲಿ ಕುದುರೆಗಿಂತ ಹೆಚ್ಚು ಕೊರತೆ ಇರುವುದು ಈ ಕೈಗಳದ್ದೇ.

ಪಕ್ಕದಲ್ಲಿ ನಡೆಯುವವರು ಮುಂಗೈಯನ್ನು ಸವಾರನ ತೊಡೆಯ ಮೇಲೆ ಅಡ್ಡವಾಗಿಟ್ಟು, ಬೆರಳಿಂದ ಜೀನಿನ ಮುಂದಿನ ಅಂಚು ಹಿಡಿಯಬೇಕು. ಕೈ ತೊಡೆಯ ಮೇಲಿರಬೇಕು, ಒತ್ತಬಾರದು. ಬಿಗಿತವಿರುವ ಸ್ನಾಯುವನ್ನು ಒತ್ತಿದರೆ ಇನ್ನಷ್ಟು ಬಿಗಿಯುತ್ತದೆ. ಹತ್ತು ನಿಮಿಷಕ್ಕೆ ಕೈ ಸೋಲುತ್ತದೆ, ಎಡವಟ್ಟು ಶುರುವಾಗುವುದು ಆಗಲೇ. ಸೋತ ಕೈ ತನ್ನ ಭಾರವನ್ನು ಮಗುವಿನ ಮೇಲೆ ಹಾಕುತ್ತದೆ, ಮಗು ಆ ಕಡೆ ವಾಲುತ್ತದೆ, ಜೀನು ಜಾರುತ್ತದೆ, ಇನ್ನೊಂದು ಬದಿಯವರು ಎಳೆಯತೊಡಗುತ್ತಾರೆ. ಸಂಕೋಚ ಬಿಟ್ಟು "ಕೈ ಸೋತಿದೆ" ಅನ್ನಿ. ಕುದುರೆ ನಿಲ್ಲಿಸಿ ಬದಿ ಬದಲಾಯಿಸುತ್ತಾರೆ, ಅದೂ ಒಬ್ಬೊಬ್ಬರಾಗಿ. ಇಬ್ಬರೂ ಒಟ್ಟಿಗೆ ಕೈ ಬಿಡುವಂತಿಲ್ಲ. ತೀರಾ ಎತ್ತರದ ಕುದುರೆ ಬೇಡ ಅನ್ನುವುದೂ ಈ ಕೈಗಾಗಿಯೇ. ಹೆಗಲ ಎತ್ತರ 130ರಿಂದ 145 ಸೆಂ.ಮೀ. ಇದ್ದರೆ ಹಿತ.

ಮಾತು ಕಡಿಮೆ ಇರಲಿ. ತರಬೇತುದಾರರು "ಲಗಾಮು ಎಳಿ" ಅಂದಾಗ ಪಕ್ಕದ ಇಬ್ಬರೂ "ಎಳಿ ಪುಟ್ಟಾ, ಎಳಿ" ಅಂತ ದನಿಗೂಡಿಸಿದರೆ ಆಟಿಸಂ ಇರುವ ಮಗು ಯಾರ ಮಾತು ಕೇಳಬೇಕು?

ಹಗ್ಗ ಹಿಡಿದವರ ಕಣ್ಣು ಕುದುರೆಯ ಮೇಲಿರಬೇಕು, ಮಗುವಿನ ಮೇಲಲ್ಲ. ಹಗ್ಗವನ್ನು ಮಡಿಸಿ ಹಿಡಿಯಬೇಕು, ಕೈಗೆ ಸುತ್ತಿಕೊಂಡರೆ ಕುದುರೆ ಬೆದರಿದಾಗ ಬೆರಳು ಹೋಗುತ್ತದೆ. ಹೆಚ್ಚು ಅಪಾಯ ಹತ್ತುವಾಗ, ಇಳಿಯುವಾಗ. ಮಗುವಿನ ಕಾಲು ಗಾಳಿಯಲ್ಲಿರುವಾಗ ಕುದುರೆ ಒಂದೇ ಹೆಜ್ಜೆ ಮುಂದಿಟ್ಟರೂ ಕೆಟ್ಟಿತು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ ಪೋಲಿಯೋದಿಂದ ಮೊಣಕಾಲ ಕೆಳಗಿನ ಬಲ ಕಳೆದುಕೊಂಡರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯ ಬೆಳ್ಳಿ ಗೆದ್ದರು. ಅವರನ್ನೂ ಕುದುರೆಗೆ ಹತ್ತಿಸಿ ಇಳಿಸಲು ಜನ ಬೇಕಿತ್ತು.

ವೈದ್ಯರ ಚೀಟಿ ಇಲ್ಲದೆ ಯಾರನ್ನೂ ಹತ್ತಿಸಬಾರದು. ಹತೋಟಿಗೆ ಬಾರದ ಫಿಟ್ಸ್, ಜಾರಿದ ಸೊಂಟದ ಕೀಲು, ಕೂರುವ ಜಾಗದಲ್ಲಿ ಹುಣ್ಣು ಇದ್ದರೆ ಬೇಡ. ಡೌನ್ ಸಿಂಡ್ರೋಮ್ ಇದ್ದರೆ ಕತ್ತಿನ ಮೊದಲೆರಡು ಮೂಳೆಗಳ ಸಡಿಲತೆಯನ್ನು ಮೊದಲು ನೋಡಿಸಬೇಕು. ಹತ್ತಬಾರದವರು ಕೆಳಗೆ ನಿಂತೇ ಕುದುರೆಯ ಮೈ ತಿಕ್ಕಬಹುದು.

ಇನ್ನು ದಾನದ ಮಾತು. ಬೆಂಗಳೂರಿನಲ್ಲಿ ರೇಸ್‌ಕೋರ್ಸ್ ಇರುವುದರಿಂದ ರೇಸ್ ಬಿಟ್ಟ ಕುದುರೆ ಕೊಡ್ತೀವಿ ಅನ್ನುವವರಿಗೆ ಬರವಿಲ್ಲ. ಅವುಗಳಲ್ಲಿ ಈ ಕೆಲಸಕ್ಕೆ ಒಗ್ಗುವುದು ಅಪರೂಪ. ಮಗುವಿನ ಬಿಗಿದ ಕಾಲು ತಾನಾಗಿಯೇ ಕುದುರೆಯ ಪಕ್ಕೆ ಒತ್ತುತ್ತದೆ. ಚುರುಕಿನ ಕುದುರೆಗೆ ಅದು "ಓಡು" ಅಂದಂತೆ. ಹತ್ತು ವರ್ಷ ದಾಟಿದ, ಛತ್ರಿ ಬಿಚ್ಚಿದರೂ ಕಿವಿಯಷ್ಟೇ ಆಡಿಸುವ ಕುದುರೆ ಬೇಕು. ರೇಸ್ ಕುದುರೆ ಕೊಡುವುದಕ್ಕಿಂತ ಒಂದು ತಿಂಗಳ ಹುಲ್ಲಿನ ಖರ್ಚು ಕೊಡಿ: 350 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 7 ಕಿಲೋ ಒಣಹುಲ್ಲು, ತಿಂಗಳಿಗೆ 210 ಕಿಲೋ. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವ ಕೂಲಿ ಬೇರೆ. ಹುರುಳಿ ಮೂಟೆ ತರುವ ಮುಂಚೆ ಕೇಳಿ. ಒಮ್ಮೆಲೇ ಹೆಚ್ಚು ಕಾಳು ತಿಂದರೆ ಕುದುರೆಗೆ ಹೊಟ್ಟೆಶೂಲೆ ಬರುತ್ತದೆ, ಅದು ಜೀವಕ್ಕೇ ಕುತ್ತು. ಹುಟ್ಟುಹಬ್ಬದ ಕೇಕ್ ಅಂತೂ ಬೇಡವೇ ಬೇಡ.

ಬರುವಾಗ ಮುಚ್ಚಿದ ಬೂಟು ಹಾಕಿಕೊಳ್ಳಿ. ಬಳೆ, ಜುಮುಕಿ, ದುಪಟ್ಟಾ ಮನೆಯಲ್ಲಿರಲಿ. ವಾರಕ್ಕೊಂದೇ ದಿನವಾದರೂ ತಪ್ಪದೆ ಬನ್ನಿ. ಬರಲಾಗದಿದ್ದರೆ ಹಿಂದಿನ ಸಂಜೆಯೇ ತಿಳಿಸಿ. ಬೆಳಿಗ್ಗೆ ಮೆಸೇಜ್ ಹಾಕುವ ಹೊತ್ತಿಗೆ ಮಗು ಹೆಲ್ಮೆಟ್ ಹಾಕಿಕೊಂಡು ಆಟೋದಲ್ಲಿ ಕೂತಾಗಿರುತ್ತದೆ.